ಖಾನಾಪುರ ರಸ್ತೆಯ ಎರಡು ಗೇಟು

ಸಾಂಬ್ರಾದಲ್ಲಿ ಬೆಳಗಿನ ಐದೂವರೆಗೆ ಏಳಲು ಅಲಾರಾಂ ಬೇಕಿಲ್ಲ. ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯ ಕಾಂಪೌಂಡಿನಾಚೆ ಹುಡುಗರ ಕವಾಯತು ಶುರುವಾದರೆ ಅರ್ಧ ಊರಿಗೆ ಎಚ್ಚರ. ಬರ್ಮಾ ರಣರಂಗಕ್ಕೆ ಸಿಪಾಯಿಗಳನ್ನು ಸಜ್ಜು ಮಾಡಲು 1942ರಲ್ಲಿ ಬ್ರಿಟಿಷರು ಇಲ್ಲಿ ವಿಮಾನ ನಿಲ್ದಾಣ ಕಟ್ಟಿದರು. ಅಂದಿನಿಂದ ಈ ಊರಿಗೂ ಬೇಗ ಏಳುವುದಕ್ಕೂ ನಂಟು. ಆ ಹೊತ್ತಿಗೆ ನಮ್ಮ ಅಕ್ಕ ಎರಡನೇ ರೊಟ್ಟಿ ಬಡಿಯುತ್ತಿರುತ್ತಾಳೆ. ಅವಳ ಮಗ ಬೈಕಿಗೆ ಒದ್ದು ಹೊರಡುವವ. ಮುತಗಾ ದಾಟಿ, ಬೆಳಗಾವಿ ಶಹರವನ್ನು ಈ ತುದಿಯಿಂದ ಆ ತುದಿಗೆ ಸೀಳಿ, ಮೂರನೇ ರೈಲ್ವೆ ಗೇಟಿನ ಸೇತುವೆ ಇಳಿದು, ಉದ್ಯಮಬಾಗ್, ಪೀರನವಾಡಿ, ಆಮೇಲೆ ಮಚ್ಛೆ. ಏಳಕ್ಕೆ ಮೊದಲ ಪಾಳಿ. ಹುಡುಗ ಬಿ.ಇ. ಮೆಕ್ಯಾನಿಕಲ್, ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಾನೆ.

ಕಳೆದ ವರ್ಷ ಒಂದು ಭಾನುವಾರ ಅವನು ನನ್ನ ಮುಂದೆ ಕೂತು ಹೇಳಿದ ಮಾತಿಗೆ ಈ ಲೇಖನ ಹುಟ್ಟಿತು. "ಮಾಮಾ, ವಿಟಿಯು ಗೇಟಿನ ಮುಂದ ದಿನಾ ಎರಡ ಸಲ ಹಾಯ್ತೀನಿ. ಎಂ.ಟೆಕ್ ಮಾಡಬೇಕಂತ ಮನಸೈತಿ. ಕ್ಲಾಸು ಶುರುವಾಗೂದು ಹತ್ತಕ್ಕ, ನನ್ನ ಪಾಳಿ ಬಿಡೂದು ಮೂರಕ್ಕ. ನಡಬರಕ ನಾ ಹೆಂಗ ನಿಂದ್ರಲಿ?"

ಪ್ರಶ್ನೆ ಅವನೊಬ್ಬನದಲ್ಲ. ಬೆಳಗಾವಿಯ ನಕಾಶೆ ತೆಗೆದು ನೋಡಿ, ಖಾನಾಪುರ ರಸ್ತೆಯೊಂದರ ಮೇಲೇ ಎಲ್ಲ ಇದೆ. ಉದ್ಯಮಬಾಗಿನಲ್ಲಿ ಲೇತು, ಫೌಂಡ್ರಿ, ಮಶೀನ್ ಶಾಪುಗಳ ನಡುವೆಯೇ ಕರ್ನಾಟಕ ಲಾ ಸೊಸೈಟಿಯ ಗೋಗಟೆ ತಾಂತ್ರಿಕ ಕಾಲೇಜು ಇದೆ. ಕೆಎಲ್‌ಇ ಸಂಸ್ಥೆಯ ಎಂ.ಎಸ್. ಶೇಷಗಿರಿ ಇಂಜಿನಿಯರಿಂಗ್ ಕಾಲೇಜೂ ಅಲ್ಲೇ. ಎರಡೂ ಶುರುವಾದದ್ದು 1979ರಲ್ಲಿ. ಇನ್ನಷ್ಟು ಮುಂದೆ ಹೋದರೆ ಮಚ್ಛೆ. ಅಲ್ಲಿ ಒಂದು ಕಡೆ ಕೈಗಾರಿಕಾ ವಸಾಹತು, ಮತ್ತೊಂದು ಕಡೆ 1998ರಲ್ಲಿ ಸ್ಥಾಪನೆಯಾದ, ರಾಜ್ಯದ ಇಂಜಿನಿಯರಿಂಗ್ ಶಿಕ್ಷಣದ ಸಿಂಹಪಾಲು ಹೊತ್ತ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು. ಗೋಗಟೆ ಕಾಲೇಜಿನ ಆವರಣದ ಹೆಸರು ಜ್ಞಾನಗಂಗಾ, ವಿಟಿಯು ಆವರಣದ ಹೆಸರು ಜ್ಞಾನಸಂಗಮ. ಗಂಗೆಯಿಂದ ಸಂಗಮಕ್ಕೆ ಟಮಟಮ್ಮಿನಲ್ಲಿ ಹೋಗಬಹುದಾದ ಊರು ದೇಶದಲ್ಲಿ ಬೇರೆ ಯಾವುದಿದೆಯೋ! ಆದರೆ ಕಾರ್ಖಾನೆಯ ಗೇಟಿಗೂ ವಿಶ್ವವಿದ್ಯಾಲಯದ ಗೇಟಿಗೂ ನಡುವಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಆಗದು, ಗಂಟೆಯಲ್ಲಿ ಅಳೆಯಬೇಕು.

ದುಡಿಯುತ್ತ ಕಲಿಯುವುದು, ಕಲಿತದ್ದನ್ನು ದುಡಿಮೆಗೆ ಹಚ್ಚುವುದು ಈ ಊರಿಗೆ ಹೊಸದಲ್ಲ. ನಗರದ ಒಳಗೆ ಕಿರ್ಲೋಸ್ಕರ್ ರಸ್ತೆ ಇದೆ. ಅಲ್ಲಿ ಅರಿವೆ ಕೊಳ್ಳಲು ಹೋಗುವ ಎಷ್ಟು ಜನಕ್ಕೆ ಆ ಹೆಸರಿನ ಕಥೆ ಗೊತ್ತೋ ಕಾಣೆ. ಸವದತ್ತಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲೆಂದು ಮುಂಬೈಗೆ ಹೋದವರು. ಕಣ್ಣಿಗೆ ಕೆಲವು ಬಣ್ಣ ಸರಿಯಾಗಿ ಕಾಣುವುದಿಲ್ಲವೆಂದು ತಿಳಿದ ಮೇಲೆ ಕುಂಚ ಬಿಟ್ಟು ಯಂತ್ರಗಳ ರೇಖಾಚಿತ್ರ ಹಿಡಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. 1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ತೆರೆಯಿತು. ಅದರಿಂದ ಮೇವು ಕತ್ತರಿಸುವ ಯಂತ್ರ ಬಂತು, ಕಬ್ಬಿಣದ ನೇಗಿಲು ಬಂತು. ಊರು ಬೆಳೆಸಬೇಕೆಂದು ಪುರಸಭೆ ಅವರ ಜಾಗ ಕೇಳಿತು. ಲಕ್ಷ್ಮಣರಾವ್ ಔಂಧ್ ಸಂಸ್ಥಾನಕ್ಕೆ ಹೋಗಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಗೆ ಉಳಿದದ್ದು ರಸ್ತೆಯ ಹೆಸರು.

ಇದನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಕಿರ್ಲೋಸ್ಕರರು ಡ್ರಾಯಿಂಗ್ ಮಾಸ್ತರರಾಗಿದ್ದರು. ಇನ್ನೊಬ್ಬರು ಬರೆದ ಡ್ರಾಯಿಂಗಿನಂತೆ ಸಾಮಾನು ಮಾಡುವವನಿಗೂ ಸ್ವತಃ ಡ್ರಾಯಿಂಗ್ ಬರೆಯುವವನಿಗೂ ಇರುವ ಅಂತರ ಅವರ ಬದುಕೇ ತೋರಿಸುತ್ತದೆ. ಇಂದಿನ ಬೆಳಗಾವಿಯ ಕಾರ್ಖಾನೆಗಳ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಇಲ್ಲಿ ತಯಾರಾಗುವ ಕ್ರ್ಯಾಂಕ್‌ಶಾಫ್ಟುಗಳು ದೇಶದ ಇಂಜಿನ್‌ಗಳಲ್ಲಿ ತಿರುಗುತ್ತಿವೆ. 1957ರಷ್ಟು ಹಿಂದೆಯೇ ಹುಟ್ಟಿದ ಬೆಮ್ಕೊ ಹೈಡ್ರಾಲಿಕ್ ಪ್ರೆಸ್ ಮಾಡುತ್ತದೆ, ಮಚ್ಛೆಯ ಪಾಲಿಹೈಡ್ರಾನ್ ಹೈಡ್ರಾಲಿಕ್ ವಾಲ್ವುಗಳಿಗೆ ಹೆಸರುವಾಸಿ. ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಆದರೂ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಬಹುಪಾಲು ಕೆಲಸ ಜಾಬ್ ವರ್ಕ್. ಡ್ರಾಯಿಂಗ್ ಪುಣೆಯಿಂದ ಬರುತ್ತದೆ, ಕೊಲ್ಲಾಪುರದಿಂದ ಬರುತ್ತದೆ, ಪರದೇಶದಿಂದಲೂ ಬರುತ್ತದೆ. ಅದರಲ್ಲಿ ಒಂದು ಮೂಲೆಗೆ ಮೂರು ಮಿಲಿಮೀಟರ್ ದುಂಡು ಕೊಡಿ ಎಂದು ಬರೆದಿರುತ್ತದೆ. ನಾವು ಕೊಡುತ್ತೇವೆ, ಅಳೆಯುತ್ತೇವೆ, ಕಳಿಸುತ್ತೇವೆ. ಮೂರೇ ಏಕೆ, ಎರಡು ಏಕಲ್ಲ ಎಂದು ಕೇಳುವವರು ಕಡಿಮೆ.

ನನ್ನ ತಿಳಿವಳಿಕೆಯ ಮಟ್ಟಿಗೆ ಮೆಕ್ಯಾನಿಕಲ್ ಎಂ.ಟೆಕ್ ಎಂದರೆ ಆ 'ಏಕೆ' ಕಲಿಯುವ ಎರಡು ವರ್ಷ. ಬಿ.ಇ.ಯಲ್ಲಿ ಸೂತ್ರ ಕೊಡುತ್ತಾರೆ, ಎಂ.ಟೆಕ್‌ನಲ್ಲಿ ಆ ಸೂತ್ರ ಎಲ್ಲಿ ಸುಳ್ಳಾಗುತ್ತದೆ ಎಂದು ಹೇಳುತ್ತಾರೆ. ಆ ಮೂರು ಮಿಲಿಮೀಟರಿನ ದುಂಡನ್ನೇ ನೋಡಿ. ಕ್ರ್ಯಾಂಕ್‌ಶಾಫ್ಟಿನ ಪಿನ್ನು ಮತ್ತು ವೆಬ್ಬು ಸೇರುವ ಸಂದಿಯಲ್ಲಿ ಬಲವೆಲ್ಲ ಒಂದೆಡೆ ಮಡುಗಟ್ಟುತ್ತದೆ. ಸಂದಿ ಚೂಪಾದಷ್ಟೂ ಒತ್ತಡ ಹೆಚ್ಚು. ಒಂದೇ ಏಟಿಗೆ ಮುರಿಯದ ಉಕ್ಕು, ಅದಕ್ಕಿಂತ ಎಷ್ಟೋ ಕಡಿಮೆ ಭಾರವನ್ನು ಲಕ್ಷಗಟ್ಟಲೆ ಸಲ ಹೊತ್ತು ಇಳಿಸಿದ ಮೇಲೆ ಅದೇ ಸಂದಿಯಲ್ಲಿ ಬಿರುಕು ಬಿಡುತ್ತದೆ. ಲೋಹಕ್ಕೂ ಆಯಾಸವಾಗುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳು ಏಕೆ ಮುರಿಯುತ್ತವೆಂದು ವರ್ಷಗಟ್ಟಲೆ ಪರೀಕ್ಷಿಸಿ ಇದನ್ನು ಕಂಡುಕೊಂಡರು. ರಾತ್ರಿ ಪಾಳಿ ಮುಗಿಸಿದವನಿಗೆ ಈ ಪಾಠ ಬೇಗ ಅರ್ಥವಾಗುತ್ತದೆ ಎಂದು ನಮ್ಮ ಹುಡುಗ ನಗುತ್ತಾನೆ.

ಹಾಗಾದರೆ ದಾರಿ ಯಾವುದು? ಹೊರಗಿನವರು ತಿಳಿದಷ್ಟು ದಾರಿಗಳಿಲ್ಲ, ಇರುವವೂ ಸಲೀಸಲ್ಲ.

ಮೊದಲನೆಯದು ರಾಜಮಾರ್ಗ. ಗೇಟ್ ಪರೀಕ್ಷೆ ಬರೆದು, ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆದು, ಕೆಲಸ ಬಿಟ್ಟು ಪೂರ್ಣಾವಧಿ ಎಂ.ಟೆಕ್ ಸೇರುವುದು. ಗೇಟ್ ಅಂಕ ಇದ್ದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಹಾಸ್ಟೆಲಿನ ಹುಡುಗನಿಗೆ ಅದು ಸಾಕು. ಮನೆಗೆ ಪಗಾರ ತರುವವನಿಗೆ, ತಂಗಿಯ ಮದುವೆಯ ಸಾಲ ಇರುವವನಿಗೆ ಸಾಲದು. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲಿ ಶೇ 85 ಹಾಜರಾತಿ ಬೇಕು. ಕೆಲಸದಲ್ಲಿದ್ದುಕೊಂಡೇ ಪೂರ್ಣಾವಧಿಗೆ ಹೆಸರು ಹಚ್ಚುವವರೂ ಇದ್ದಾರೆ, ಹಾಜರಾತಿಯನ್ನು 'ಹೊಂದಿಸಿ'ಕೊಡುವವರೂ ಇದ್ದಾರೆ. ಈ ಆಟ ಮುಂದೆ ಮುಳುವಾಗುತ್ತದೆ. ಸರ್ಕಾರಿ ನೌಕರಿಗೋ ದೊಡ್ಡ ಕಂಪನಿಗೋ ಅರ್ಜಿ ಹಾಕಿದಾಗ ಅವೇ ಎರಡು ವರ್ಷಗಳಿಗೆ ಪೂರ್ಣಾವಧಿ ಪದವಿಯ ಪ್ರಮಾಣಪತ್ರವನ್ನೂ ಪೂರ್ಣಾವಧಿ ಕೆಲಸದ ಅನುಭವ ಪತ್ರವನ್ನೂ ಮುಂದಿಟ್ಟರೆ, ದಾಖಲೆ ನೋಡುವ ಗುಮಾಸ್ತ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಊಹಿಸಿ. ಎರಡರಲ್ಲಿ ಒಂದನ್ನು ಹರಿದು ಹಾಕಬೇಕಾಗುತ್ತದೆ.

ಎರಡನೆಯದು ಅರೆಕಾಲಿಕ ಎಂ.ಟೆಕ್, ಸಂಜೆ ತರಗತಿ. ಬೆಂಗಳೂರಿನಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ, ಇಂದು ಯುವಿಸಿಇ ಎಂದು ಕರೆಯುವ ಕಾಲೇಜು ದುಡಿಯುವ ಡಿಪ್ಲೊಮಾದವರಿಗೆ ಸಂಜೆ ಬಿ.ಇ. ನಡೆಸಿ ಎಷ್ಟೋ ಜನರನ್ನು ಇಂಜಿನಿಯರ್ ಮಾಡಿದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಕೂಡ ಈಚಿನ ವರ್ಷಗಳಲ್ಲಿ, ಕನಿಷ್ಠ ಒಂದು ವರ್ಷದ ಅನುಭವವಿರುವ, ಕಾಲೇಜಿನ ಸಮೀಪದಲ್ಲೇ ಕೆಲಸ ಮಾಡುವ ನೌಕರರಿಗೆ ಅನುಕೂಲದ ಹೊತ್ತಿನಲ್ಲಿ ಪಾಠ ಮಾಡಲು ಕಾಲೇಜುಗಳಿಗೆ ಅವಕಾಶ ಮಾಡಿಕೊಟ್ಟಿದೆ. ನಿಯಮ ಇದೆ, ಊರಿದೆ, ಕಾಲೇಜಿದೆ, ಕಲಿಯುವವರೂ ಇದ್ದಾರೆ. ಆದರೆ ಇವೆಲ್ಲ ಒಂದೇ ಕೋಣೆಯಲ್ಲಿ ಸೇರಬೇಕಲ್ಲ! ಮೆಕ್ಯಾನಿಕಲ್ ಎಂ.ಟೆಕ್ ಸೀಟು ಹಗಲಿನಲ್ಲೇ ತುಂಬುವುದು ಕಷ್ಟವಾಗಿರುವಾಗ ಸಂಜೆಗೆ ದೀಪ ಹಚ್ಚಿ ಕೂರಲು ಕಾಲೇಜುಗಳಿಗೆ ಧೈರ್ಯ ಸಾಲದು. ನನ್ನ ಅನುಮಾನವೇನೆಂದರೆ, ಹಗಲಿಗೆ ಬರಲಾಗದವರೇ ಸಂಜೆಗೆ ಬರುವವರು, ಆ ಲೆಕ್ಕವನ್ನು ಯಾರೂ ಹಾಕಿ ನೋಡಿಲ್ಲ.

ಮೂರನೆಯದು ಕೆಲಸಕ್ಕೆ ಹೊಂದಿಸಿದ ಕಲಿಕೆ. ಇದರಲ್ಲಿ ಹೆಸರು ಮಾಡಿದ್ದು ಪಿಲಾನಿಯ ಬಿಟ್ಸ್. ಉದ್ಯಮಬಾಗಿನ ಎರಡು ಕಾಲೇಜುಗಳು ಹುಟ್ಟಿದ ಅದೇ 1979ರಲ್ಲಿ ಬಿಟ್ಸ್ ನೌಕರರಿಗಾಗಿ ಪ್ರತ್ಯೇಕ ಪದವಿಗಳನ್ನು ಶುರು ಮಾಡಿತು. ಈಗ ವಾರಾಂತ್ಯದಲ್ಲಿ ಆನ್‌ಲೈನ್ ತರಗತಿ, ನಾಲ್ಕು ಸೆಮಿಸ್ಟರ್, ಡಿಸೈನ್ ಇಂಜಿನಿಯರಿಂಗಿನಂಥ ವಿಷಯಗಳು. ಸೇರಲು ಗೇಟ್ ಬೇಕಿಲ್ಲ, ಕೆಲಸದ ಅನುಭವ ಬೇಕು, ಮಾಲಕರ ಒಪ್ಪಿಗೆ ಬೇಕು. ಕೊನೆಯ ಸೆಮಿಸ್ಟರಿನ ಪ್ರಬಂಧವನ್ನು ಕೆಲಸದ ಜಾಗದಲ್ಲೇ ಮಾಡಬೇಕು. ಖರ್ಚು ಲಕ್ಷಗಳಲ್ಲಿ. ಹುಡುಗನೊಬ್ಬ ಶುಲ್ಕದ ಲೆಕ್ಕವನ್ನಷ್ಟೇ ಹಾಕಿ ಸೇರಿದರೆ ಮೋಸ ಹೋಗುತ್ತಾನೆ, ಏಕೆಂದರೆ ಶನಿವಾರದ ಓವರ್‌ಟೈಮ್ ಹೋಗುತ್ತದೆ. ದುಪ್ಪಟ್ಟು ಕೂಲಿಯ ಓವರ್‌ಟೈಮ್ ಕಳೆದುಕೊಂಡವನ ಮನೆಯಲ್ಲಿ ಎರಡು ವರ್ಷ ಅದರ ಸದ್ದು ಕೇಳಿಸುತ್ತಲೇ ಇರುತ್ತದೆ.

ಇದಲ್ಲದೆ ಗಣಿತ ಎಂಬ ಗುಡ್ಡ ಬೇರೆ. ನಾಲ್ಕೈದು ವರ್ಷ ವರ್ನಿಯರ್ ಹಿಡಿದ ಕೈಗೆ ಡಿಫರೆನ್ಷಿಯಲ್ ಸಮೀಕರಣ ಕೊಟ್ಟರೆ ಪೆನ್ನೇ ಭಾರ. ಇದಕ್ಕೆ ಪುಕ್ಕಟೆ ಮದ್ದು ಇದೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಪಾಠಗಳು ಯಾರಿಗೂ ಹಣ ಕೇಳುವುದಿಲ್ಲ. ನಾನು ಕೇಳಿದವರಿಗೆಲ್ಲ ಹೇಳುವುದಿಷ್ಟು: ಸೇರುವ ಮೊದಲು ಹನ್ನೆರಡು ವಾರದ ಒಂದು ಎನ್‌ಪಿಟೆಲ್ ಪಾಠವನ್ನು, ಫೈನೈಟ್ ಎಲಿಮೆಂಟಾದರೂ ಸರಿ, ಶಾಖ ವರ್ಗಾವಣೆಯಾದರೂ ಸರಿ, ಪಾಳಿ ಮಾಡಿಕೊಂಡೇ ಮುಗಿಸಿ. ಆರನೇ ವಾರದಲ್ಲಿ ಕೈಬಿಟ್ಟರೆ ನಿಮಗೆ ಲಕ್ಷಗಟ್ಟಲೆ ಉಳಿತಾಯವಾಯಿತು ಎಂದು ತಿಳಿಯಿರಿ.

ಇನ್ನು ಹೋಗಬಾರದ ದಾರಿ. ಎರಡು ದಶಕದ ಹಿಂದೆ ಸಣ್ಣ ಊರುಗಳಲ್ಲೂ ಮಹಡಿಯ ಮೇಲೆ ಬೋರ್ಡು ತೂಗುತ್ತಿತ್ತು, ದೂರಶಿಕ್ಷಣದಲ್ಲಿ ಬಿ.ಟೆಕ್, ಎಂ.ಟೆಕ್. ನನಗೂ ಒಬ್ಬ ಏಜೆಂಟ್ ಗಂಟು ಬಿದ್ದಿದ್ದ. ತರಗತಿ ಇಲ್ಲ, ಲ್ಯಾಬ್ ಇಲ್ಲ, "ಸರ, ನೀವು ಬರೀ ಪರೀಕ್ಷೆಗೆ ಬರ್ರಿ, ಉಳಿದದ್ದು ನಾವು ನೋಡ್ಕೋತೀವಿ" ಎಂದಿದ್ದ. ಆ ಮಾತಿನ 'ಉಳಿದದ್ದು' ಎಂಬುದೇ ಇಂಜಿನಿಯರಿಂಗ್ ಎಂದು ಆಗ ನನಗೆ ಹೊಳೆದಿರಲಿಲ್ಲ. ಮುಂಗಡ ಕೊಟ್ಟೆ, ವಾಪಸ್ ಬರಲಿಲ್ಲ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಈ ಅಂಗಡಿಗಳ ಬಾಗಿಲಿಗೆ ಬೀಗ ಜಡಿಯಿತು. ತಾಂತ್ರಿಕ ಶಿಕ್ಷಣವನ್ನು ಅಂಚೆಯ ಮೂಲಕ ಕೊಡಲಾಗದು ಎಂದು ಹೇಳಿ, ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೆ ಕೊಟ್ಟ ಇಂಜಿನಿಯರಿಂಗ್ ಪದವಿಗಳಲ್ಲಿ 2001ರಿಂದ 2005ರೊಳಗೆ ಸೇರಿದವರ ಪದವಿಗಳನ್ನು ಮತ್ತೆ ಪರೀಕ್ಷೆ ಪಾಸಾಗುವವರೆಗೆ ಅಮಾನತಿನಲ್ಲಿಟ್ಟು, ಅನಂತರದವನ್ನು ರದ್ದು ಮಾಡಿತು. ಹತ್ತು ವರ್ಷ ಬಡ್ತಿ ಪಡೆದು ಕುಳಿತವರು ಒಂದು ದಿನ ಬೆಳಗಾಗುವುದರೊಳಗೆ ಡಿಪ್ಲೊಮಾದವರಾದರು. ಯುಜಿಸಿ ನಿಯಮಗಳೂ ಇಂಜಿನಿಯರಿಂಗನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ ಎನ್ನುತ್ತವೆ. ಹಾಗಾಗಿ ಹಣ ಕಟ್ಟುವ ಮೊದಲು ಆ ಕೋರ್ಸಿಗೆ, ಆ ವರ್ಷಕ್ಕೆ, ಆ ರೀತಿಯ ಕಲಿಕೆಗೆ ಇರುವ ಮಂಜೂರಾತಿ ಪತ್ರವನ್ನು ಕೇಳಿ ಪಡೆಯಿರಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಎಂಬ ಮಾತು ಸಾಲದು.

ಇಷ್ಟೆಲ್ಲ ಆದಮೇಲೆ ಸೇರಿದವನು ಮಾಡುವುದೇನು? ನನ್ನ ಪ್ರಕಾರ ಕೆಲಸದಲ್ಲಿದ್ದು ಎಂ.ಟೆಕ್ ಮಾಡುವವನಿಗೆ ಪೂರ್ಣಾವಧಿಯವನಿಗಿಲ್ಲದ ಒಂದು ಆಸ್ತಿ ಇದೆ. ಅದು ಅವನ ಕಾರ್ಖಾನೆಯ ರಿಜೆಕ್ಷನ್ ರಾಶಿ. ಪೂರ್ಣಾವಧಿಯ ಹುಡುಗ ಪ್ರಬಂಧಕ್ಕೆ ವಿಷಯ ಹುಡುಕಿ ಗೈಡ್ ಮನೆಗೆ ತಿರುಗುತ್ತಾನೆ. ಇವನಿಗೆ ವಿಷಯ ಅಂಗಳದಲ್ಲೇ ಗುಡ್ಡೆ ಬಿದ್ದಿರುತ್ತದೆ.

ಹತ್ತಿರದಿಂದ ನೋಡೋಣ. ಎರಕದ ಸಾಮಾನು ಒಡೆದು ನೋಡಿದರೆ ದಪ್ಪ ಜಾಗದ ನಡುವೆ ಒಂದು ಪೊಳ್ಳು. ಕಾದ ಕಬ್ಬಿಣ ಗಟ್ಟಿಯಾಗುವಾಗ ಕುಗ್ಗುತ್ತದೆ. ತೆಳು ಭಾಗ ಮೊದಲು ಗಟ್ಟಿಯಾಗಿ, ದಪ್ಪ ಭಾಗಕ್ಕೆ ಕರಗಿದ ಕಬ್ಬಿಣ ಹರಿದು ಬರುವ ದಾರಿ ಮುಚ್ಚಿದರೆ ನಡುವೆ ತೂತು ಉಳಿಯುತ್ತದೆ. ಅದಕ್ಕೇ ದಪ್ಪ ಜಾಗದ ಪಕ್ಕದಲ್ಲಿ ರೈಸರ್ ಇಡುವುದು. ಅದೊಂದು ಕರಗಿದ ಲೋಹದ ಹಗೇವು, ಸಾಮಾನು ಕುಗ್ಗಿದಷ್ಟನ್ನು ಅದು ತುಂಬಿಕೊಡಬೇಕು. ನಮ್ಮ ಹುಡುಗನ ಫೌಂಡ್ರಿಯ ಹಿರಿಯ ಮೇಸ್ತ್ರಿ ಖಾನಾಪುರದ ಕಡೆಯವರು, ಕುಂಬಾರರ ಊರಿನ ಕೈ. ಅವರು ಡ್ರಾಯಿಂಗ್ ಕಣ್ಣಾಡಿಸಿ, "ತಮ್ಮಾ, ಇಲ್ಲಿ ಹೊಟ್ಟಿ ಐತಿ, ಇಲ್ಲೊಂದು ದೊಡ್ಡದು ಇಡು" ಎಂದು ಬೆರಳು ಇಡುತ್ತಾರೆ. ತಪ್ಪುವುದು ಅಪರೂಪ. ಎಷ್ಟು ದೊಡ್ಡದು ಎಂದರೆ "ದೊಡ್ಡದು" ಎನ್ನುತ್ತಾರೆ. ಅಲ್ಲೇ ಇರುವುದು ತೊಂದರೆ. ದೊಡ್ಡದಾದಷ್ಟೂ ಕಬ್ಬಿಣ ಮತ್ತೆ ಕುಲುಮೆಗೆ ಹೋಗುತ್ತದೆ, ಕರೆಂಟ್ ಬಿಲ್ಲು ಏರುತ್ತದೆ.

1940ರಲ್ಲಿ ನಿಕೊಲಾಸ್ ಕ್ವೊರಿನೋವ್ ಎಂಬ ಇಂಜಿನಿಯರ್ ಇದಕ್ಕೊಂದು ಸರಳ ನಿಯಮ ಬರೆದರು. ಎರಕ ಗಟ್ಟಿಯಾಗಲು ಹಿಡಿಯುವ ಹೊತ್ತು, ಅದರ ಗಾತ್ರವನ್ನು ಮೇಲ್ಮೈಯಿಂದ ಭಾಗಿಸಿ ಬಂದ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಹತ್ತು ಸೆಂಟಿಮೀಟರಿನ ಒಂದು ಘನ ತೆಗೆದುಕೊಳ್ಳಿ. ಗಾತ್ರ 1000, ಮೇಲ್ಮೈ 600. ಅದೇ ಕಬ್ಬಿಣವನ್ನು 20 ಸೆಂಟಿಮೀಟರ್ ಉದ್ದ, 20 ಅಗಲ, ಎರಡೂವರೆ ದಪ್ಪದ ಹಲಗೆಯಾಗಿ ಎರೆಯಿರಿ. ಗಾತ್ರ ಅದೇ 1000, ಮೇಲ್ಮೈಯೂ 1000. ಎರಡರ ತೂಕವೂ ಏಳು ಕೆಜಿ ಚಿಲ್ಲರೆ. ಆದರೆ ಘನ ಗಟ್ಟಿಯಾಗಲು ಹಲಗೆಗಿಂತ ಸುಮಾರು 2.8 ಪಟ್ಟು ಹೊತ್ತು ಬೇಕು. ಅಕ್ಕನಿಗೆ ಹೇಳಿದರೆ ಅವಳಿಗೆ ಹೊಸದೇನೂ ಅನಿಸಲಿಲ್ಲ. ಅದೇ ಜೋಳದ ಹಿಟ್ಟು ರೊಟ್ಟಿಯಾದರೆ ಪುಟ್ಟಿಗೆ ಬೀಳುವಷ್ಟರಲ್ಲಿ ಆರುತ್ತದೆ, ಮುದ್ದೆಯಾದರೆ ಒಳಗಿನ ಬಿಸಿ ಬಾಯಿ ಸುಡುತ್ತದೆ. ರೈಸರ್ ಸಾಮಾನಿಗಿಂತ ತುಸು ತಡವಾಗಿ ಗಟ್ಟಿಯಾಗುವಷ್ಟು ಇದ್ದರೆ ಸಾಕು, ಅದಕ್ಕಿಂತ ದೊಡ್ಡದು ದಂಡ. ಮೇಸ್ತ್ರಿಯ 'ದೊಡ್ಡದು' ಎಂಬುದಕ್ಕೆ ಈಗ ಒಂದು ಸಂಖ್ಯೆ ಸಿಕ್ಕಿತು.

ಇನ್ನೊಂದು. ಎರಕ ಕೆಡಲು ಮರಳಿನ ತೇವ, ಬೆಂಟೊನೈಟ್ ಜೇಡಿಯ ಪ್ರಮಾಣ, ಅಚ್ಚಿನ ಗಟ್ಟಿತನ, ಕಬ್ಬಿಣ ಹೊಯ್ಯುವಾಗಿನ ಬಿಸಿ, ಹೀಗೆ ನಾಲ್ಕು ಕಾರಣ ಶಂಕೆಯಲ್ಲಿವೆ ಎನ್ನಿ. ಒಂದೊಂದನ್ನೂ ಕಡಿಮೆ, ನಡು, ಹೆಚ್ಚು ಎಂದು ಮೂರು ಮಟ್ಟದಲ್ಲಿ ನೋಡಬೇಕು. ಎಲ್ಲ ಜೋಡಣೆ ಮಾಡಿದರೆ 81 ಪ್ರಯೋಗ. ಯಾವ ಮಾಲಕ 81 ಸಲ ಕುಲುಮೆ ಬಿಟ್ಟುಕೊಡುತ್ತಾನೆ? ಜಪಾನಿನ ಗೆನಿಚಿ ತಗುಚಿ ಜನಪ್ರಿಯಗೊಳಿಸಿದ ಪಟ್ಟಿಯಂತೆ ಹೊಂದಿಸಿದರೆ ಒಂಬತ್ತೇ ಪ್ರಯೋಗದಲ್ಲಿ ಯಾವ ಕಾರಣದ ಪಾಲು ಎಷ್ಟು ಎಂಬ ಅಂದಾಜು ಸಿಗುತ್ತದೆ. ಕಾರಣಗಳು ಒಂದರ ಮೇಲೊಂದು ಪರಿಣಾಮ ಬೀರುವುದನ್ನು ಅದು ಪೂರ್ತಿ ಹಿಡಿಯುವುದಿಲ್ಲ ನಿಜ. ಕಡೆಗೆ ಒಂದು ಖಾತ್ರಿ ಪ್ರಯೋಗ ಮಾಡಿ ನೋಡಲೇಬೇಕು. ಆದರೂ ಒಂಬತ್ತು ಪ್ರಯೋಗ ಎಂದರೆ ಒಂಬತ್ತು ಸಂಜೆ. ಪಾಳಿ ಮುಗಿದ ಮೇಲೆ ಮೇಸ್ತ್ರಿಗೆ ಚಹಾ, ಮಿರ್ಚಿ ಭಜಿ ಕೊಡಿಸಿದರೆ ಆಗುವ ಕೆಲಸ. ಪಿಲಾನಿಯವರೇ ಬರಲಿ, ವಿಟಿಯುದವರೇ ಬರಲಿ, ಇಂಥ ಪ್ರಬಂಧವನ್ನು ಯಾರೂ ನಕಲು ಎನ್ನಲಾರರು. ಅಂಗಡಿಯಲ್ಲಿ ಕೊಂಡ ಪ್ರಾಜೆಕ್ಟ್ ತಂದವನಿಗೆ ಕುಲುಮೆಯ ಶಾಖ ತಾಗಿರುವುದಿಲ್ಲ, ಮೌಖಿಕ ಪರೀಕ್ಷೆಯ ಎರಡನೇ ಪ್ರಶ್ನೆಗೇ ಅದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಕಂಪನಿಯ ಡ್ರಾಯಿಂಗ್, ರಿಜೆಕ್ಷನ್ ಅಂಕಿ, ಗ್ರಾಹಕರ ಹೆಸರು ಪ್ರಬಂಧದಲ್ಲಿ ಬರಬೇಕಾದರೆ ಮಾಲಕರ ಬರಹದ ಅನುಮತಿ ಮೊದಲ ಸೆಮಿಸ್ಟರಿನಲ್ಲೇ ಪಡೆಯಿರಿ. ಕೊನೆಯ ತಿಂಗಳಲ್ಲಿ ಕೇಳಿದರೆ "ನೋಡೂಣು" ಎಂಬ ಉತ್ತರ ಬರುತ್ತದೆ. ಬೆಳಗಾವಿಯಲ್ಲಿ 'ನೋಡೂಣು' ಎಂದರೆ ಇಲ್ಲ ಎಂದರ್ಥ.

ಪದವಿ ಬಂದ ಮೇಲೆ ಪಗಾರ ಏರುತ್ತದೆಯೇ? ಸಣ್ಣ ಫೌಂಡ್ರಿಯಲ್ಲಿ ತಾನಾಗಿ ಏರದು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಎಂ.ಟೆಕ್ ಬೇಕೇ ಬೇಕು. ಹಾಗಾಗಿ ಹಿಂದೆ ಈ ಪದವಿಗೆ ಓಡಿದವರಲ್ಲಿ ಉಪನ್ಯಾಸಕರೇ ಹೆಚ್ಚು. ಕಾರ್ಖಾನೆಯವನಿಗೆ ಅದು ಉತ್ಪಾದನಾ ವಿಭಾಗದಿಂದ ವಿನ್ಯಾಸ ವಿಭಾಗಕ್ಕೆ, ಮೂರು ಪಾಳಿಯಿಂದ ಸಾಮಾನ್ಯ ಪಾಳಿಗೆ ದಾಟುವ ದೋಣಿ. ಅಷ್ಟು ಸಾಕು ಎನ್ನುವವರು ಮಾಡಲಿ. ಬರೀ ಪಗಾರಕ್ಕಾದರೆ ಕೆಲಸ ಬದಲಿಸುವುದು ಅಗ್ಗ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಮೆಕ್ಯಾನಿಕಲ್ ಓದಿ ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡುವ ಪರಿಚಯದ ಹುಡುಗಿಯೊಬ್ಬಳು ಹೇಳಿದ್ದು: "ಅಣ್ಣಾ, ಗಂಡಸರಿಗೆ ಎರಡ ಪಾಳಿ, ಆಫೀಸು ಮತ್ತ ಕ್ಲಾಸು. ನಮಗ ಮೂರನೇದು ಒಲಿ ಮುಂದ." ಶನಿವಾರದ ತರಗತಿಗೆ ಗಂಡ ಮಗುವನ್ನು ನೋಡಿಕೊಳ್ಳುವ ಮನೆಯಲ್ಲಿ ಮಾತ್ರ ಈ ಪದವಿ ಮುಗಿಯುತ್ತದೆ. ಅದಕ್ಕೆ ಯಾವ ವಿಶ್ವವಿದ್ಯಾಲಯವೂ ನಿಯಮ ಬರೆಯಲಾರದು.

ಹೊರಗಿನ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. 1954ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಫ್ರೆಡರಿಕ್ ಟರ್ಮನ್ ಅವರ ಒತ್ತಾಸೆಯಿಂದ, ಸುತ್ತಲಿನ ಕಂಪನಿಗಳ ಇಂಜಿನಿಯರುಗಳಿಗೆ ಅರೆಕಾಲಿಕ ಸ್ನಾತಕೋತ್ತರ ಪದವಿಯ ಬಾಗಿಲು ತೆರೆಯಿತು. ಶುಲ್ಕವನ್ನು ಕಂಪನಿಗಳೇ ಕಟ್ಟುತ್ತಿದ್ದವು. 1969ರಲ್ಲಿ ತರಗತಿಗಳನ್ನು ಟಿವಿ ಮೂಲಕ ಕಾರ್ಖಾನೆಗಳಿಗೇ ಕಳಿಸತೊಡಗಿದರು. ಆ ಸುತ್ತಲಿನ ಪ್ರದೇಶವನ್ನು ಇಂದು ಜಗತ್ತು ಸಿಲಿಕಾನ್ ಕಣಿವೆ ಎನ್ನುತ್ತದೆ. ಮಚ್ಛೆಯನ್ನು ಸಿಲಿಕಾನ್ ಕಣಿವೆ ಮಾಡಿ ಎಂದು ನಾನು ಕೇಳುತ್ತಿಲ್ಲ, ಆ ಬಗೆಯ ಭಾಷಣಗಳನ್ನು ಕೇಳಿ ಕಿವಿ ದಣಿದಿವೆ. ನನ್ನ ಕೋರಿಕೆ ಚಿಕ್ಕದು. ಜ್ಞಾನಸಂಗಮದಲ್ಲಿ ಸಂಜೆ ಐದೂವರೆಗೆ ಒಂದು ಕೋಣೆ, ವಾರಕ್ಕೆ ಮೂರು ದಿನ, ಮಶೀನ್ ಡಿಸೈನಿಗೋ ಎರಕಶಾಸ್ತ್ರಕ್ಕೋ ಒಂದು ಅರೆಕಾಲಿಕ ಎಂ.ಟೆಕ್. ಪಾಠಕ್ಕೆ ವಿಟಿಯು ಮತ್ತು ಉದ್ಯಮಬಾಗಿನ ಕಾಲೇಜುಗಳ ಪ್ರಾಧ್ಯಾಪಕರು ಬರಲಿ. ಪ್ರಬಂಧಕ್ಕೆ ಫೌಂಡ್ರಿಗಳು ತಮ್ಮ ರಿಜೆಕ್ಷನ್ ರಾಶಿ ತೆರೆದಿಡಲಿ, ಅರ್ಧ ಶುಲ್ಕ ಕೊಡಲಿ. ಮೊದಲ ಪಾಳಿಯವರು ಬರುತ್ತಾರೆ, ಸಾಮಾನ್ಯ ಪಾಳಿಯವರೂ ಬರುತ್ತಾರೆ. ಖಾನಾಪುರದ ಹುಡುಗರಿಗೆ ರಾತ್ರಿ ತರಗತಿ ಬಿಟ್ಟ ಮೇಲೆ ಒಂದು ಬಸ್ಸು ಬೇಕಾಗುತ್ತದೆ, ಅದನ್ನು ಸಾರಿಗೆ ಸಂಸ್ಥೆಗೆ ಈಗಲೇ ಹೇಳಿಡಬೇಕು.

ಅಕ್ಕನ ಮಗ ಕಾಯಲಿಲ್ಲ. ವಾರಾಂತ್ಯದ ಎಂ.ಟೆಕ್‌ಗೆ ಸೇರಿ ಈಗ ಎರಡನೇ ಸೆಮಿಸ್ಟರ್. ಶನಿವಾರ ಎರಡನೇ ಪಾಳಿ ಬಂದರೆ ಜೊತೆಗಾರನೊಬ್ಬ ಬದಲಿ ನಿಲ್ಲುತ್ತಾನೆ, ಅದಕ್ಕೆ ಪ್ರತಿಯಾಗಿ ಗಣಪತಿ ಹಬ್ಬದ ಅವನ ಪಾಳಿಯನ್ನೆಲ್ಲ ಇವನು ಮಾಡಬೇಕು. ಈ ಸಲ ಚೌತಿಯ ದಿನ ಮನೆಯಲ್ಲಿ ಮೋದಕ ಮಾಡಿ ಡಬ್ಬಿಗೆ ಹಾಕಿ ಫೌಂಡ್ರಿಗೆ ಕಳಿಸಿದೆವು.